ಬೇವಿನೆಣ್ಣೆ ನೀರಿನಲ್ಲಿ ಬೆರೆಯಬೇಕಾದರೆ: ಕೋಲಾರದ ಬೋರ್ ನೀರು, ಸಾಬೂನು ಮತ್ತು ನಡುವಿನ ಬದು

ಮುಳಬಾಗಿಲು ರಸ್ತೆಯ ಕಡೆ ನಮ್ಮದು ಮೂವತ್ತು ಗುಂಟೆ ಟೊಮೆಟೊ. ಒಂದು ಬೇಸಿಗೆಯಲ್ಲಿ ಬಿಳಿ ನೊಣ ಜಾಸ್ತಿಯಾಯಿತು. ಎಲೆ ಮುದುಡು ರೋಗದ ವೈರಸ್ಸನ್ನು ಗಿಡದಿಂದ ಗಿಡಕ್ಕೆ ಹೊತ್ತು ತರುವುದು ಅದೇ ನೊಣ. ರೋಗ ಬಂದ ಮೇಲೆ ಗಿಡಕ್ಕೆ ಮಾಡುವುದೇನೂ ಉಳಿಯುವುದಿಲ್ಲ, ನೊಣವನ್ನೇ ಮೊದಲು ತಡೆಯಬೇಕು. ಬೇವಿನೆಣ್ಣೆ ಹೊಡೆಯೋಣ ಅಂತ ಹದಿನಾರು ಲೀಟರ್ ಟ್ಯಾಂಕಿಗೆ ಬೋರ್ ನೀರು ತುಂಬಿಸಿ, 80 ಮಿಲಿ ಎಣ್ಣೆ ಸುರಿದು, ಮೇಲೆ ಒಂದು ಚೊಂಬು ಸಾಬೂನು ನೀರು ಹಾಕಿ, ಕೋಲಿನಲ್ಲಿ ಎರಡು ಸುತ್ತು ತಿರುಗಿಸಿ, ಬೆನ್ನಿಗೆ ಏರಿಸಿಕೊಂಡು ಹೊರಟೆ.

ಐದನೇ ದಿನ ಪಕ್ಕದ ತೋಟದ ಚಿಕ್ಕಪ್ಪ ಬದುವಿನ ಮೇಲೆ ನಿಂತು ಕರೆದರು. "ಏನಪ್ಪಾ ಇದು, ಸಾಲಿನ ಈ ಕಡೆ ಗಿಡ ಹಸಿರಾಗೈತೆ, ಆ ತುದೀಲಿ ಸುಟ್ಟಂಗಾಗೈತಲ್ಲ?"

ಹೋಗಿ ನೋಡಿದರೆ ನಿಜ. ಪ್ರತಿ ಟ್ಯಾಂಕು ಎಲ್ಲಿ ಖಾಲಿಯಾಗಿತ್ತೋ ಅಲ್ಲಲ್ಲಿ ಹತ್ತು ಹದಿನೈದು ಗಿಡಗಳ ಎಲೆ ಅಂಚು ಕಂದಿ ಕರಕಲಾಗಿತ್ತು. ಟ್ಯಾಂಕಿನಲ್ಲಿ ನೀರು ಎಳೆದುಕೊಳ್ಳುವ ಪೈಪು ತಳದಲ್ಲಿರುತ್ತದೆ, ಎಣ್ಣೆ ಮೇಲೆ ತೇಲುತ್ತದೆ. ಮೊದಲ ಗಿಡಗಳಿಗೆ ಹೋದದ್ದು ಬರೀ ನೀರು, ಕೊನೆಯ ಗಿಡಗಳಿಗೆ ಬಿದ್ದದ್ದು ಬರೀ ಎಣ್ಣೆ. ನೊಣ ಹಾಗೇ ಇತ್ತು.

ನಾನು ಡಿಗ್ರಿಯಲ್ಲಿ ರಸಾಯನಶಾಸ್ತ್ರ ಓದಿದವನು. ಸಾಬೂನು ಎಣ್ಣೆಯನ್ನೂ ನೀರನ್ನೂ ಸೇರಿಸುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ನಮ್ಮ ನೀರಿನಲ್ಲಿ ಅದು ಯಾಕೆ ಸೇರಿಸಲಿಲ್ಲ ಎನ್ನುವುದನ್ನು ಮತ್ತೆ ಕೂತು ಯೋಚಿಸಿದಾಗ ಗೊತ್ತಾದದ್ದನ್ನು, ಆಮೇಲಿನ ಮೂರು ವರ್ಷ ಕೈಯಾರೆ ಮಾಡಿ ನೋಡಿದ್ದನ್ನು ಇಲ್ಲಿ ಬರೆದಿದ್ದೇನೆ.

ಎರಡು ಹೊಲದ ನಡುವಿನ ಬದು

ಎಣ್ಣೆ ಮತ್ತು ನೀರು ಸೇರುವ ಜಾಗವನ್ನು ಎರಡು ಹೊಲದ ನಡುವಿನ ಬದು ಅಂದುಕೊಳ್ಳಿ. ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಹಿಡಿದುಕೊಂಡಿರುತ್ತವೆ. ಬದುವಿನ ಪಕ್ಕದ ಅಣುವಿಗೆ ಒಂದು ಕಡೆ ಮಾತ್ರ ಹಿಡಿಯಲು ನೀರು ಸಿಗುತ್ತದೆ, ಇನ್ನೊಂದು ಕಡೆ ಎಣ್ಣೆ. ಹಾಗಾಗಿ ಅದು ಒಳಕ್ಕೇ ಎಳೆಯಲ್ಪಡುತ್ತದೆ. ಎಲ್ಲ ಅಣುಗಳೂ ಹೀಗೆ ಒಳಕ್ಕೆ ಜಗ್ಗಿದರೆ ಬದು ಸಾಧ್ಯವಾದಷ್ಟು ಚಿಕ್ಕದಾಗಲು ನೋಡುತ್ತದೆ. ಎಣ್ಣೆ ಹನಿಗಳು ಕೂಡಿ ಕೂಡಿ ಒಂದೇ ಪದರವಾಗುವುದು ಇದರಿಂದಲೇ. ಈ ಜಗ್ಗುವಿಕೆಗೆ ಒಂದು ಅಳತೆ ಇದೆ. ಗಾಳಿ ಮತ್ತು ನೀರಿನ ನಡುವೆ ಅದು ಮೀಟರಿಗೆ ಸುಮಾರು 72 ಮಿಲಿನ್ಯೂಟನ್, ಚೆನ್ನಾಗಿ ಶುದ್ಧ ಮಾಡಿದ ಅಡುಗೆ ಎಣ್ಣೆ ಮತ್ತು ನೀರಿನ ನಡುವೆ ಸುಮಾರು 30.

ಸಾಬೂನಿನ ಅಣುವಿಗೆ ಒಂದು ತಲೆ, ಒಂದು ಉದ್ದ ಬಾಲ. ತಲೆಗೆ ವಿದ್ಯುದಂಶವಿದೆ, ಅದಕ್ಕೆ ನೀರು ಬೇಕು. ಬಾಲ ಎಣ್ಣೆಯ ಜಾತಿಯದೇ ಕಾರ್ಬನ್ ಸರಪಳಿ, ಅದಕ್ಕೆ ನೀರು ಆಗದು. ಇಡೀ ಅಣುವಿನ ಉದ್ದ ಸುಮಾರು ಎರಡು ನ್ಯಾನೋಮೀಟರ್, ಅಂದರೆ ಐದು ಲಕ್ಷ ಅಣುಗಳನ್ನು ತಲೆಗೆ ಬಾಲ ಸೇರಿಸಿ ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್. ಇಂಥ ಅಣುವಿಗೆ ಎರಡೂ ಆಸೆ ಒಟ್ಟಿಗೆ ತೀರುವ ಜಾಗ ಬದು ಒಂದೇ. ತಲೆಯನ್ನು ನೀರಿನ ಹೊಲಕ್ಕೂ ಬಾಲವನ್ನು ಎಣ್ಣೆಯ ಹೊಲಕ್ಕೂ ಇಟ್ಟು ಅಲ್ಲಿ ಸಾಲುಗಟ್ಟಿ ನಿಲ್ಲುತ್ತದೆ. ಸಾಲು ತುಂಬಿದಷ್ಟೂ ಜಗ್ಗುವ ಬಲ ಇಳಿಯುತ್ತದೆ, ಬದುವನ್ನು ಹಿಗ್ಗಿಸುವುದು ಸುಲಭವಾಗುತ್ತದೆ, ಎಣ್ಣೆ ಸಣ್ಣ ಹನಿಗಳಾಗಿ ಒಡೆಯಲು ಒಪ್ಪುತ್ತದೆ. ಇಂಥ ಎರಡು ಮುಖದ ಅಣುಗಳಿಗೆಲ್ಲ ಸರ್ಫ್ಯಾಕ್ಟೆಂಟ್ ಎನ್ನುತ್ತಾರೆ. ಸಾಬೂನು, ಬಟ್ಟೆ ಪುಡಿ, ಅಂಟುವಾಳ, ಸೀಗೆಕಾಯಿ, ಔಷಧಿ ಎಲೆಗೆ ಅಂಟಲೆಂದು ಬೆರೆಸುವ ಅಂಗಡಿಯ 'ಗಮ್' ಎಲ್ಲದರಲ್ಲೂ ಕೆಲಸ ಮಾಡುವುದು ಇವೇ.

ಬದುವಿನಲ್ಲಿ ಜಾಗ ತುಂಬಿದ ಮೇಲೆ ಉಳಿದ ಅಣುಗಳು ನೀರಿನೊಳಗೇ ಬಾಲಗಳನ್ನು ಒಳಗೆ ಮುಚ್ಚಿಟ್ಟುಕೊಂಡು ಗುಂಪು ಕಟ್ಟುತ್ತವೆ. ಆ ಗುಂಪಿಗೆ ಮೈಸೆಲ್ ಎಂದು ಹೆಸರು. ಅವು ಮೀಸಲು ಪಡೆ ಇದ್ದ ಹಾಗೆ. ಹೊಸ ಹನಿ ಹುಟ್ಟಿದರೆ ಅಲ್ಲಿಂದ ಅಣುಗಳು ಬಿಡಿಸಿಕೊಂಡು ಬದುವಿಗೆ ಬರುತ್ತವೆ. ಬರಲು ಸ್ವಲ್ಪ ಸಮಯ ಬೇಕು ಅನ್ನುವುದನ್ನು ನೆನಪಿಡಿ, ಕಲಸುವಾಗ ಅದೇ ಮುಖ್ಯವಾಗುತ್ತದೆ.

ಹನಿಯಾದ ಮೇಲೆ ಅದು ಹನಿಯಾಗಿಯೇ ಉಳಿಯಬೇಕಲ್ಲ? ಅಲ್ಲಿಯೂ ಈ ಸಾಲೇ ಕಾವಲು. ಸಾಬೂನಿನ ತಲೆಗಳೆಲ್ಲ ಋಣ ವಿದ್ಯುದಂಶದವು, ಆದ್ದರಿಂದ ಹನಿ ಹನಿಯನ್ನು ದೂರ ತಳ್ಳುತ್ತದೆ. ಎರಡು ಹನಿ ತೀರ ಹತ್ತಿರ ಬಂದರೆ ನಡುವಿನ ನೀರು ಹಿಂಡಿ ಹೊರಗೆ ಹರಿಯುತ್ತಾ ಅಣುಗಳನ್ನೂ ಎಳೆದೊಯ್ಯುತ್ತದೆ. ಆ ಜಾಗ ಬರಿದಾದ ಕೂಡಲೇ ಅಲ್ಲಿ ಜಗ್ಗುವ ಬಲ ಹೆಚ್ಚಾಗಿ, ಅಕ್ಕಪಕ್ಕದ ಅಣುಗಳನ್ನೂ ಅವುಗಳ ಜೊತೆ ನೀರನ್ನೂ ವಾಪಸು ಎಳೆದುಕೊಳ್ಳುತ್ತದೆ. ತೂತು ಬಿದ್ದ ಕಡೆಗೆ ತೇಪೆ ತಾನಾಗಿ ಬಂದು ಕೂರುತ್ತದೆ. ನನಗೆ ಈ ಇಡೀ ವಿಷಯದಲ್ಲಿ ತುಂಬ ಹಿಡಿಸಿದ್ದು ಇದು.

ಮೊದಲು ನೀರು ನೋಡಿ

ನಮ್ಮ ಕಡೆ ತಪ್ಪು ಆಗುವುದು ಎಣ್ಣೆಯಲ್ಲಲ್ಲ, ಸಾಬೂನಿನಲ್ಲೂ ಅಲ್ಲ, ನೀರಿನಲ್ಲಿ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಬೋರ್ ಸಾವಿರ ಅಡಿ ದಾಟುವುದು ಹೊಸದಲ್ಲ. ಬಂಡೆಯ ಸಂದಿನಲ್ಲಿ ಬಹಳ ಕಾಲ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಬರುತ್ತದೆ. ಹಂಡೆಯ ಒಳಗೆ ಕಟ್ಟುವ ಬಿಳಿ ಹೊಪ್ಪಳೆ ಅದರ ಗುರುತು. ಸಾಬೂನಿನ ಅಣುವಿಗೆ ಸೋಡಿಯಂ ಜೊತೆಯಿರುವಷ್ಟು ಹೊತ್ತು ನೀರಿನಲ್ಲಿ ಕರಗಿರುತ್ತದೆ. ಕ್ಯಾಲ್ಸಿಯಂ ಬಂತೆಂದರೆ ಎರಡೆರಡು ಸಾಬೂನು ಅಣುಗಳ ತಲೆಯನ್ನು ಒಟ್ಟಿಗೆ ಹಿಡಿದುಬಿಡುತ್ತದೆ. ಅದು ನೀರಿನಲ್ಲಿ ಕರಗದು, ಮೊಸರೊಡೆದ ಹಾಗೆ ಗಸಿಯಾಗಿ ತೇಲುತ್ತದೆ.

ಲೆಕ್ಕ ಹಾಕಿ ನೋಡಿದಾಗ ನನಗೇ ದಿಗಿಲಾಯಿತು. 80 ಮಿಲಿ ಎಣ್ಣೆಯನ್ನು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಅಗಲದ ಹನಿಗಳಾಗಿ ಒಡೆದರೆ ಸುಮಾರು ಹದಿನೈದು ಸಾವಿರ ಕೋಟಿ ಹನಿಗಳಾಗುತ್ತವೆ. ಅವುಗಳ ಮೈಯೆಲ್ಲ ಹರಡಿದರೆ 48 ಚದರ ಮೀಟರ್, ಅಂದರೆ ಮೂವತ್ತು-ನಲವತ್ತು ಸೈಟಿನ ಅರ್ಧಕ್ಕೆ ಸ್ವಲ್ಪ ಕಡಿಮೆ. ಇಷ್ಟು ದೊಡ್ಡ ಬದುವಿನ ಮೇಲೆ ಒಂದು ಸಾಲು ಸಾಬೂನು ಅಣುಗಳನ್ನು ನಿಲ್ಲಿಸಲು ಬೇಕಾದ ಸಾಬೂನು ಒಂದು ಗ್ರಾಮಿನ ಹತ್ತನೇ ಒಂದು ಭಾಗವೂ ಅಲ್ಲ.

ಈಗ ನೀರಿನ ಲೆಕ್ಕ. ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟಿದೆ ಎನ್ನುವುದೇ ಗಡಸುತನ, ಅದನ್ನು ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಹೇಳುತ್ತಾರೆ. ಲೀಟರಿಗೆ 500 ಮಿಲಿಗ್ರಾಂ ಗಡಸುತನ ಇರುವ ನೀರು ತೆಗೆದುಕೊಳ್ಳೋಣ. ಕುಡಿಯುವ ನೀರಿಗೆ ಭಾರತೀಯ ಮಾನಕ 200 ಮಿಲಿಗ್ರಾಂ ಒಳ್ಳೆಯದು ಎನ್ನುತ್ತದೆ, ಬೇರೆ ನೀರಿಲ್ಲದಿದ್ದರೆ 600ರವರೆಗೆ ಬಿಡುತ್ತದೆ. ಹಾಗಾಗಿ 500 ಎಂಬುದು ಕಟ್ಟಿ ಹೇಳಿದ ಲೆಕ್ಕವೇನಲ್ಲ. ಇಂಥ ಹದಿನಾರು ಲೀಟರ್ ನೀರಿನಲ್ಲಿರುವ ಕ್ಯಾಲ್ಸಿಯಂ ಸುಮಾರು 48 ಗ್ರಾಂ ಸಾಬೂನನ್ನು ಗಸಿ ಮಾಡಿ ನುಂಗುತ್ತದೆ. ನೂರು ಗ್ರಾಮಿನ ಬಿಲ್ಲೆಯಲ್ಲಿ ಅರ್ಧ! ಅದನ್ನು ನುಂಗಿ ಮುಗಿಸುವವರೆಗೆ ಬದುವಿಗೆ ಕಾವಲು ಸಿಗುವುದಿಲ್ಲ. ನಾನು ಅಂದು ಹಾಕಿದ್ದ ಒಂದು ಚೊಂಬು ಸಾಬೂನು ನೀರು ಎಲ್ಲಿ ಹೋಯಿತೆಂದು ಈಗ ಗೊತ್ತಾಯಿತಲ್ಲ.

ಇನ್ನೂ ಒಂದು ಕೇಡಿದೆ. 1913ರಲ್ಲಿ ಅಮೆರಿಕದ ವೈಲ್ಡರ್ ಬ್ಯಾಂಕ್ರಾಫ್ಟ್ ಎಂಬ ವಿಜ್ಞಾನಿ ಒಂದು ನಿಯಮ ಕಂಡುಕೊಂಡರು: ಬೆರೆಸುವ ವಸ್ತು ಯಾವ ದ್ರವದಲ್ಲಿ ಹೆಚ್ಚು ಕರಗುತ್ತದೋ ಆ ದ್ರವವೇ ಹೊರಗೆ ಉಳಿದು, ಇನ್ನೊಂದು ಅದರೊಳಗೆ ಹನಿಯಾಗುತ್ತದೆ. ಸೋಡಿಯಂ ಸಾಬೂನು ನೀರಿಗೆ ಒಲಿದದ್ದು, ಅದು ನೀರಿನೊಳಗೆ ಎಣ್ಣೆ ಹನಿಗಳನ್ನು ಕೊಡುತ್ತದೆ. ಕ್ಯಾಲ್ಸಿಯಂ ಸಾಬೂನು ಎಣ್ಣೆಗೆ ಒಲಿದದ್ದು, ಅದು ಎಣ್ಣೆಯೊಳಗೆ ನೀರಿನ ಹನಿಗಳನ್ನು ಹಿಡಿದಿಡುತ್ತದೆ. ಟ್ಯಾಂಕಿನ ಗೋಡೆಗೆ ಅಂಟಿ ನಾಜಲ್ ಕಟ್ಟಿಸುವ ಜಿಗುಟು ಮುಲಾಮು ಅದೇ. ಸಾಬೂನು ಕಡಿಮೆಯಾಗುವುದಷ್ಟೇ ಅಲ್ಲ, ಹಾಕಿದ ಸಾಬೂನೇ ತಿರುಗಿಬೀಳುತ್ತದೆ.

ಹಾಗಂತ ಸಾಬೂನನ್ನೇ ಮೂರು ಪಟ್ಟು ಸುರಿಯಬೇಡಿ. ಹೆಚ್ಚಿನ ಸಾಬೂನು ಎಲೆಯ ಮೇಲಿನ ಮೇಣದ ಪದರವನ್ನೂ ಎಬ್ಬಿಸಿ ಎಲೆ ಸುಡುತ್ತದೆ. ನೀರು ಬದಲಿಸುವುದೇ ಸರಿಯಾದ ದಾರಿ.

ನಿಮ್ಮ ನೀರು ಹೇಗಿದೆ ಎಂದು ಹೀಗೆ ನೋಡಿ. ಎರಡು ಅರ್ಧ ಲೀಟರ್ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಹೆಂಚು ಅಥವಾ ಶೀಟಿನಿಂದ ಹಿಡಿದ ಮಳೆ ನೀರು, ಇನ್ನೊಂದಕ್ಕೆ ನೀವು ಸಿಂಪಡಣೆಗೆ ಬಳಸುವ ನೀರು ಮುಕ್ಕಾಲು ಭಾಗ ತುಂಬಿ. ಬಣ್ಣ, ಸುವಾಸನೆ ಇಲ್ಲದ ಬಾರ್ ಸಾಬೂನನ್ನು ತುರಿದು ಎರಡಕ್ಕೂ ಒಂದೇ ಅಳತೆಯ ಅರ್ಧ ಚಮಚದಷ್ಟು ಹಾಕಿ, ಕರಗಲು ಬಿಟ್ಟು, ಜೋರಾಗಿ ಅಲ್ಲಾಡಿಸಿ. ಮಳೆ ನೀರಿನಲ್ಲಿ ನೊರೆ ಎದ್ದು ನಿಲ್ಲುತ್ತದೆ, ಕೆಳಗಿನ ನೀರು ಸುಮಾರಾಗಿ ತಿಳಿಯಾಗಿರುತ್ತದೆ. ಇನ್ನೊಂದರಲ್ಲಿ ನೊರೆ ಬೇಗ ಇಳಿದು ಬಿಳಿ ಚೂರುಗಳು ತೇಲಿದರೆ ನಿಮ್ಮ ನೀರು ಗಡಸು, ಅದರಲ್ಲಿ ಸಾಬೂನು ಹಾಕಿ ಎಣ್ಣೆ ಕಲಸಬೇಡಿ.

ಕೃಷಿ ಹೊಂಡದ ನೀರು ಒಳ್ಳೆಯದು ಎಂದು ಹೇಳುವುದುಂಟು. ಮಳೆಯಿಂದ ತುಂಬಿದ ಹೊಂಡವಾದರೆ ನಿಜ. ಆದರೆ ನಮ್ಮ ಕಡೆ ಎಷ್ಟೋ ಹೊಂಡಗಳಿಗೆ ಟಾರ್ಪಾಲು ಹಾಸಿ ಬೋರ್ ನೀರು ಬಿಟ್ಟು ಶೇಖರಿಸುತ್ತೇವೆ. ಅದು ಹೊಂಡದಲ್ಲಿ ನಿಂತರೂ ಬೋರ್ ನೀರೇ, ಬೇಸಿಗೆಯಲ್ಲಿ ಆವಿಯಾದಷ್ಟೂ ಇನ್ನಷ್ಟು ಗಟ್ಟಿಯಾಗುತ್ತದೆ. ಬಾಟಲಿ ಪರೀಕ್ಷೆ ಮಾಡಿಯೇ ನಂಬಿ. ಎರಡು ಇನ್ನೂರು ಲೀಟರ್ ಡ್ರಮ್ಮಿನಲ್ಲಿ ಮಳೆ ನೀರು ಹಿಡಿದಿಟ್ಟರೆ ಇಪ್ಪತ್ತೈದು ಟ್ಯಾಂಕಿಗೆ ಆಯಿತು. ನಾನು ಶೆಡ್ಡಿನ ಶೀಟಿಗೆ ದೋಣಿ ಕಟ್ಟಿಸಿದ್ದು ಇದಕ್ಕಾಗಿಯೇ.

ಎಣ್ಣೆ ಹನಿ ಎಣಿಸುವುದು

ಅವಸರ ಇರುವವರು ಇದನ್ನು ಬಿಟ್ಟು ಮುಂದೆ ಹೋಗಬಹುದು. ಆದರೆ ಮಕ್ಕಳಿರುವ ಮನೆಯಲ್ಲಿ ಒಂದು ಭಾನುವಾರ ಮಾಡಿ ನೋಡಿ ಎಂದು ಕೇಳಿಕೊಳ್ಳುತ್ತೇನೆ. ಕಣ್ಣಿಗೆ ಕಾಣದ ಅಣುಗಳು ಬದುವಿನಲ್ಲಿ ಮಾಡುತ್ತಿರುವ ಕೆಲಸವನ್ನು ಎಣಿಸಬಹುದು.

ಐದು ಮಿಲಿಯ ಸಿರಿಂಜಿಗೆ ಸೂಜಿ ಬೇಡ. ಅದರ ಮೂತಿಗೆ ಡ್ರಿಪ್ಪಿನ ಮೈಕ್ರೋ ಟ್ಯೂಬ್ ಒಂದು ಮೊಳ ಸಿಕ್ಕಿಸಿ. ಸಡಿಲವಾದರೆ ಟೇಪ್ ಸುತ್ತಿ. ಕಡಲೆಕಾಯಿ ಎಣ್ಣೆ ತುಂಬಿಸಿಕೊಳ್ಳಿ. ಉದ್ದನೆಯ ಗಾಜಿನ ಲೋಟದಲ್ಲಿ ನೀರು ತುಂಬಿ, ಟ್ಯೂಬಿನ ತುದಿ ತಳ ಮುಟ್ಟಿ ಮೇಲಕ್ಕೆ ಬಾಯಿ ತೆರೆದಿರುವಂತೆ ಬಗ್ಗಿಸಿ ಇಳಿಬಿಡಿ. ನಿಧಾನವಾಗಿ ಒತ್ತಿ. ಎಣ್ಣೆ ತುದಿಯಲ್ಲಿ ಉಬ್ಬುತ್ತಾ ಉಬ್ಬುತ್ತಾ ಕೊನೆಗೆ ಕಿತ್ತುಕೊಂಡು ಮೇಲೇರುತ್ತದೆ. ಒಂದು ಮಿಲಿಗೆ ಎಷ್ಟು ಹನಿ ಎಂದು ಎಣಿಸಿ ಬರೆದುಕೊಳ್ಳಿ. ಆಮೇಲೆ ಮಳೆ ನೀರಿನಲ್ಲಿ ಕರಗಿಸಿದ ಸಾಬೂನು, ಬೋರ್ ನೀರಿನಲ್ಲಿ ಕರಗಿಸಿದ ಅದೇ ಸಾಬೂನು, ಅಂಟುವಾಳದ ನೀರು, ಒಂದೊಂದರಲ್ಲೂ ಮಾಡಿ.

ಬರೀ ನೀರಿನಲ್ಲಿ ಹನಿ ದಪ್ಪ, ಸಂಖ್ಯೆ ಕಡಿಮೆ. ಬದುವಿನ ಜಗ್ಗುವ ಬಲವೇ ಹನಿಯನ್ನು ಟ್ಯೂಬಿಗೆ ಹಿಡಿದಿಟ್ಟಿರುವುದರಿಂದ ಅದು ಬಿಡಿಸಿಕೊಂಡು ತೇಲಲು ದೊಡ್ಡದಾಗಲೇಬೇಕು. ಸರ್ಫ್ಯಾಕ್ಟೆಂಟ್ ಬಂದು ಬಲ ಅರ್ಧಕ್ಕಿಳಿದರೆ ಹನಿಯ ಗಾತ್ರವೂ ಹೆಚ್ಚುಕಡಿಮೆ ಅರ್ಧವಾಗುತ್ತದೆ, ಎಣಿಕೆ ಇಮ್ಮಡಿಯಾಗುತ್ತದೆ. ಮಳೆ ನೀರಿನ ಸಾಬೂನಿನಲ್ಲಿ ಎಣಿಸಲು ಕಷ್ಟವಾಗುವಷ್ಟು ಸಣ್ಣ ಹನಿಗಳು ಸರಸರ ಏಳುತ್ತವೆ. ಒಂದೇ ದ್ರಾವಣದಲ್ಲಿ ಬೇಗ ಒತ್ತಿ ನೋಡಿ, ನಿಧಾನ ಒತ್ತಿ ನೋಡಿ. ಬೇಗ ಒತ್ತಿದಾಗ ಹೊಸ ಬದುವಿಗೆ ಅಣುಗಳು ಬಂದು ತಲುಪುವಷ್ಟರಲ್ಲಿ ಹನಿ ಬೆಳೆದುಬಿಟ್ಟಿರುತ್ತದೆ. ಸಮಯ ಬೇಕು ಎಂದು ಮೇಲೆ ಹೇಳಿದ್ದು ಇದನ್ನೇ.

ಇಂಥ ಅಳತೆಗೆ ದೊಡ್ಡ ಪ್ರಯೋಗಾಲಯವೇ ಬೇಕೆಂದಿಲ್ಲ. ಜರ್ಮನಿಯ ಆಗ್ನೆಸ್ ಪೊಕೆಲ್ಸ್ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ. ಮನೆಯಲ್ಲಿ ತಗಡಿನ ತೊಟ್ಟಿಯಲ್ಲಿ ನೀರು ತುಂಬಿ, ತಕ್ಕಡಿಗೆ ಗುಂಡಿಯೊಂದನ್ನು ಕಟ್ಟಿ, ನೀರಿನ ಮೇಲ್ಮೈಯಿಂದ ಅದನ್ನು ಎಳೆದು ತೆಗೆಯಲು ಎಷ್ಟು ಬಲ ಬೇಕೆಂದು ಅಳೆದರು. ಎಣ್ಣೆಜಿಡ್ಡು ಬಿದ್ದಾಗ ಆ ಬಲ ಹೇಗೆ ಬದಲಾಗುತ್ತದೆಂದು ವರ್ಷಗಟ್ಟಲೆ ನೋಡಿ ಬರೆದಿಟ್ಟರು. 1891ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿಯವರಿಗೆ ಅವರು ಬರೆದ ಪತ್ರ 'ನೇಚರ್' ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ಬಗೆಯ ತೊಟ್ಟಿಯನ್ನು ಮುಂದೆ ಸುಧಾರಿಸಿ, ಅಣುಗಳು ಮೇಲ್ಮೈಯಲ್ಲಿ ಒಂದೇ ಪದರವಾಗಿ ತಲೆ ಕೆಳಗೆ ಬಾಲ ಮೇಲೆ ನಿಲ್ಲುತ್ತವೆಂದು 1917ರಲ್ಲಿ ತೋರಿಸಿದವರು ಇರ್ವಿಂಗ್ ಲ್ಯಾಂಗ್‌ಮ್ಯೂರ್. ಮೇಲ್ಮೈ ರಸಾಯನಶಾಸ್ತ್ರದ ಕೆಲಸಕ್ಕೆ 1932ರ ನೊಬೆಲ್ ಅವರಿಗೆ ಬಂತು.

ಕಲಸುವ ಕ್ರಮ

ಹದಿನಾರು ಲೀಟರಿನ ಒಂದು ಟ್ಯಾಂಕಿಗೆ ಈ ಲೆಕ್ಕ: ಬೇವಿನೆಣ್ಣೆ 80 ಮಿಲಿ, ಅಂದರೆ ಲೀಟರಿಗೆ 5 ಮಿಲಿ. ಬಾರ್ ಸಾಬೂನಿನ ತುರಿ 16 ಗ್ರಾಂ. ನೀರೆಲ್ಲ ಮಳೆ ನೀರು ಅಥವಾ ಪರೀಕ್ಷೆಯಲ್ಲಿ ಗೆದ್ದ ನೀರು. ಕಲಸುವುದಕ್ಕೆ ಮಾತ್ರ ಮಳೆ ನೀರು ಬಳಸಿ ಆಮೇಲೆ ಬೋರ್ ನೀರು ತುಂಬಿಸಿದರೆ ಆಗದು. ಹನಿಗಳ ಮೈಮೇಲಿನ ಸಾಬೂನನ್ನೂ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ.

ಒಂದನೆಯದು, ಎಣ್ಣೆಯನ್ನು ಎಬ್ಬಿಸುವುದು. ಧನುರ್ಮಾಸದ ಬೆಳಗ್ಗೆ ನಮ್ಮಲ್ಲಿ ಬೇವಿನೆಣ್ಣೆ ತುಪ್ಪದ ಹಾಗೆ ಮಂದವಾಗಿರುತ್ತದೆ. ಬಾಟಲಿಯನ್ನು ಬೆಚ್ಚನೆಯ ನೀರಿನಲ್ಲಿ ಇಡಿ. ಒಲೆಯ ಮೇಲೆ ಕಾಯಿಸಬೇಡಿ, ಬೇವಿನ ಕಹಿಸತ್ವ ಅಜಾಡಿರಾಕ್ಟಿನ್ ಬಿಸಿಗೆ ಹಾಳಾಗುತ್ತದೆ.

ಎರಡನೆಯದು, ಸಾಬೂನಿನ ತುರಿಯನ್ನು ಕಾಲು ಲೀಟರಿಗೆ ಸ್ವಲ್ಪ ಕಡಿಮೆ ಬಿಸಿ ನೀರಿನಲ್ಲಿ ಗಂಟಿಲ್ಲದಂತೆ ಕರಗಿಸಿ. ಕೈ ಅದ್ದಿದರೆ ತಡೆಯುವಷ್ಟು ಬೆಚ್ಚಗಾಗಲಿ. ಪೂರ್ತಿ ಆರಿಸಿದರೆ ಅಂಬಲಿಯಾಗುತ್ತದೆ.

ಮೂರನೆಯದು ನಿಜವಾದ ಕೆಲಸ. ಅಗಲ ಬಾಯಿಯ ಬಕೆಟ್ಟಿನಲ್ಲಿ ಆ ಸಾಬೂನು ನೀರು ಹಾಕಿ, ಇದಕ್ಕೆಂದೇ ಇಟ್ಟ ಹಳೆಯ ಕಡಗೋಲಿನಿಂದ ಕಡೆಯುತ್ತಾ ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡಿ. ಇಬ್ಬರು ಇದ್ದರೆ ಅನುಕೂಲ. ಎಲ್ಲ ಎಣ್ಣೆ ಹೋದ ಮೇಲೂ ಐದು ನಿಮಿಷ ಬಿಡದೆ ಕಡೆಯಿರಿ. ಹಳದಿ ಕಂದು ಎಣ್ಣೆ ಹೋಗಿ ಕೆನೆಯ ಬಣ್ಣದ ಮಂದ ಹಾಲಾಗಬೇಕು.

ಮೊದಲೇ ಹದಿನಾರು ಲೀಟರಿನಲ್ಲಿ ಕಲಸಿದರೆ ಏನಾಗುತ್ತದೆ? ಚಟ್ನಿ ರುಬ್ಬುವಾಗ ಮೊದಲೇ ನೀರು ಸುರಿದರೆ ಕಾಯಿ ಚೂರು ಕಲ್ಲಿನ ಕೆಳಗೆ ಸಿಗದೆ ಓಡಾಡುತ್ತದೆ, ನುಣ್ಣಗಾಗುವುದಿಲ್ಲ. ಇಲ್ಲಿಯೂ ಹಾಗೇ. ಮಂದವಾಗಿದ್ದಾಗ ಕಡಗೋಲಿನ ಏಟು ನೇರ ಹನಿಗೆ ತಗಲುತ್ತದೆ. ಮತ್ತೆ, ಸಾಬೂನು ಹತ್ತಿರದಲ್ಲೇ ದಟ್ಟವಾಗಿ ಇರುವುದರಿಂದ ಹನಿ ಒಡೆದ ಕ್ಷಣದಲ್ಲೇ ಹೊಸ ಬದುವಿಗೆ ಅಣುಗಳು ಬಂದು ನಿಲ್ಲುತ್ತವೆ. ಹದಿನಾರು ಲೀಟರಿನಲ್ಲಿ ಚದುರಿಹೋದ ಸಾಬೂನು ಬರುವಷ್ಟರಲ್ಲಿ ಹನಿಗಳು ಮತ್ತೆ ಕೂಡಿಕೊಂಡಿರುತ್ತವೆ.

ನಾಲ್ಕನೆಯದು, ಈ ಹಾಲಿಗೆ ನೀರನ್ನು ಮೊದಲು ಒಂದು ಲೋಟ, ಆಮೇಲೆ ಎರಡು, ಆಮೇಲೆ ಒಂದು ಚೊಂಬು ಹೀಗೆ ಹೆಚ್ಚಿಸುತ್ತಾ ಕಲಕಿ. ಎರಡು ಮೂರು ಲೀಟರ್ ಆದ ಮೇಲೆ ತೆಳ್ಳನೆಯ ಬಟ್ಟೆಯಲ್ಲಿ ಸೋಸಿ ಟ್ಯಾಂಕಿಗೆ ಹಾಕಿ ಉಳಿದ ನೀರು ತುಂಬಿ.

ಐದನೆಯದನ್ನು ಯಾವತ್ತೂ ತಪ್ಪಿಸಬೇಡಿ. ಗಾಜಿನ ಲೋಟದಲ್ಲಿ ಅದೇ ನೀರು ತೆಗೆದುಕೊಂಡು ಟ್ಯಾಂಕಿನಿಂದ ಒಂದು ಚಮಚ ಹಾಲು ಬಿಡಿ. ಹೊಗೆ ಹರಡಿದ ಹಾಗೆ ಬಿಳಿಯಾಗಿ ಇಳಿದು ಬೆರೆತರೆ ಸರಿ. ಹತ್ತು ನಿಮಿಷ ಬಿಟ್ಟು ಬಂದು ನೋಡಿ. ಸಾರಿನ ಮೇಲೆ ಒಗ್ಗರಣೆ ಎಣ್ಣೆ ಕಣ್ಣುಕಣ್ಣಾಗಿ ನಿಲ್ಲುತ್ತದಲ್ಲ, ಹಾಗೆ ಕಂಡರೆ ಹೊಡೆಯಬೇಡಿ. ಆ ಕಣ್ಣು ಎಲೆಯ ಮೇಲೆ ಬಿದ್ದರೆ ಸುಟ್ಟ ಚುಕ್ಕೆಯಾಗುತ್ತದೆ. ಮೇಲ್ಭಾಗದಲ್ಲಿ ತೆಳು ಕೆನೆ ಕಟ್ಟಿ, ಕಲಕಿದಾಗ ಮತ್ತೆ ಬೆರೆತರೆ ತೊಂದರೆಯಿಲ್ಲ, ಹನಿಗಳು ತೇಲಿವೆ ಅಷ್ಟೇ, ಕೂಡಿಕೊಂಡಿಲ್ಲ.

ಅಂಗಡಿಯಲ್ಲಿ ಸಿಗುವ ಅಜಾಡಿರಾಕ್ಟಿನ್ ಔಷಧಿಗಳಲ್ಲಿ ಬೆರೆಸುವ ವಸ್ತು ಮೊದಲೇ ಇರುತ್ತದೆ, ನೀರಿಗೆ ಬಿದ್ದ ಕೂಡಲೇ ಬೆಳ್ಳಗಾಗುತ್ತವೆ. ಅವಕ್ಕೆ ಈ ಕಷ್ಟ ಬೇಕಿಲ್ಲ, ಡಬ್ಬಿಯ ಮೇಲಿನ ಅಳತೆ ಪಾಲಿಸಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೇವಿನ ಸಾಬೂನು, ಹೊಂಗೆ ಸಾಬೂನು ಎಂದು ಮಾಡಿದ್ದಾರೆ. ಅಲ್ಲಿ ಎಣ್ಣೆಯನ್ನೇ ಸಾಬೂನಿನ ರೂಪಕ್ಕೆ ತಂದಿರುವುದರಿಂದ ಕಲಸುವುದು ಸುಲಭ.

ಅಂಟುವಾಳ: ಬೋರ್ ನೀರು ಬಿಟ್ಟರೆ ಗತಿಯಿಲ್ಲದವರಿಗೆ

ನಮ್ಮಜ್ಜಿ ಬೋರ್ ನೀರಿನಲ್ಲೇ ರೇಷ್ಮೆ ಸೀರೆಯನ್ನು ಅಂಟುವಾಳ ಹಾಕಿ ತೊಳೆಯುತ್ತಿದ್ದರು. ಸಾಬೂನು ಹಾಕಿದರೆ ಸೀರೆ ಬಿಳಿಚಿ ಒರಟಾಗುತ್ತದೆ ಎನ್ನುತ್ತಿದ್ದರು. ಆ ಬಿಳುಪು ಕ್ಯಾಲ್ಸಿಯಂ ಗಸಿಯೇ ಎಂದು ನನಗೆ ಹೊಳೆದದ್ದು ಎಲೆ ಸುಟ್ಟುಕೊಂಡ ಮೇಲೆ.

ಅಂಟುವಾಳದ ಸಿಪ್ಪೆಯಲ್ಲಿರುವುದು ಸಪೋನಿನ್. ಅದಕ್ಕೂ ಎರಡು ಮುಖ, ಆದರೆ ನೀರಿಗೆ ಒಲಿದ ಭಾಗ ಬಹುಪಾಲು ಸಕ್ಕರೆಯ ಉಂಡೆಗಳ ಸರ. ಸಕ್ಕರೆಯನ್ನು ಕ್ಯಾಲ್ಸಿಯಂ ಸಾಬೂನಿನಂತೆ ಹಿಡಿದು ಗಸಿ ಮಾಡಲಾರದು. ಹಾಗಾಗಿ ಗಡಸು ನೀರಿನಲ್ಲಿ ಅಂಟುವಾಳ ಸಾಬೂನಿಗಿಂತ ಚೆನ್ನಾಗಿ ತಡೆಯುತ್ತದೆ.

ಹದಿನೈದು ಇಪ್ಪತ್ತು ಕಾಯಿಯ ಬೀಜ ತೆಗೆದು ಸಿಪ್ಪೆಯನ್ನು ಅರ್ಧ ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಗ್ಗೆ ಕಾಲು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ, ಆರಿದ ಮೇಲೆ ಕಿವುಚಿ, ಬಟ್ಟೆಯಲ್ಲಿ ಎರಡು ಸಲ ಸೋಸಿ. ಸಾಬೂನು ನೀರಿನ ಜಾಗದಲ್ಲಿ ಇದನ್ನಿಟ್ಟು ಮೇಲಿನ ಕ್ರಮದಲ್ಲೇ ಎಣ್ಣೆ ಕಡೆಯಿರಿ. ಕಾಯಿಂದ ಕಾಯಿಗೆ ಸತ್ವ ಬೇರೆಯಾಗುವುದರಿಂದ ಲೋಟದ ಪರೀಕ್ಷೆಯೇ ಇಲ್ಲಿ ನಿಮ್ಮ ತಕ್ಕಡಿ. ಎಣ್ಣೆ ಕಣ್ಣು ಕಂಡರೆ ಇನ್ನೂ ಅರ್ಧ ಲೋಟ ರಸ ಸೇರಿಸಿ ಮತ್ತೆ ಕಡೆಯಿರಿ. ಈ ರಸ ಮಾರನೇ ದಿನಕ್ಕೆ ಹುಳಿ ವಾಸನೆ ಬರುತ್ತದೆ, ಅಂದೇ ಮುಗಿಸಿ.

ನೊರೆ ನೋಡಿ ಮೋಸಹೋಗಬೇಡಿ. ಅಂಟುವಾಳದಲ್ಲಿ ನೊರೆ ಬೆಟ್ಟದಷ್ಟು ಏಳುತ್ತದೆ. ಆದರೆ ನೊರೆ ಗಾಳಿ ಮತ್ತು ನೀರಿನ ನಡುವಿನ ಬದು, ನಮಗೆ ಬೇಕಾದದ್ದು ಎಣ್ಣೆ ಮತ್ತು ನೀರಿನ ನಡುವಿನದು. ಒಂದರಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಗೆಲ್ಲಲೇಬೇಕೆಂದಿಲ್ಲ.

ಬಟ್ಟೆ ಪುಡಿ ಹಾಕುವವರಿದ್ದಾರೆ. ಗಡಸು ನೀರಿನಲ್ಲಿ ಅದು ಸಾಬೂನಿಗಿಂತ ಚೆನ್ನಾಗಿ ಬೆರೆಸುತ್ತದೆ, ಸುಳ್ಳಲ್ಲ. ಆದರೆ ಅದರೊಳಗೆ ಸೋಡಾ, ಬಣ್ಣ ತೆಗೆಯುವ ವಸ್ತು ಎಲ್ಲ ಇರುತ್ತದೆ. ಸೋಡಾದ ಕ್ಷಾರಕ್ಕೆ ಎಲೆಯೂ ಸುಡುತ್ತದೆ, ಅಜಾಡಿರಾಕ್ಟಿನ್ ಕೂಡ ಒಡೆಯುತ್ತದೆ. ನಾನು ಹಾಕುವುದಿಲ್ಲ.

ಹೊಡೆಯುವಾಗ

ಮೊದಲ ಸಲ ನಾಲ್ಕೈದು ಗಿಡಕ್ಕೆ ಮಾತ್ರ ಹೊಡೆದು ಎರಡು ದಿನ ಕಾಯಿರಿ. ಎಲೆ ಅಂಚು ಕಂದದಿದ್ದರೆ ಮುಂದುವರಿಯಿರಿ. ಸಂಜೆ ಬಿಸಿಲಿಳಿದ ಮೇಲೆ, ಜೇನು ಹೂವಿನಿಂದ ಹೋದ ಮೇಲೆ ಹೊಡೆಯಿರಿ. ಬಿಸಿಲಿಗೆ ಅಜಾಡಿರಾಕ್ಟಿನ್ ಬೇಗ ನಾಶವಾಗುತ್ತದೆ, ಮಧ್ಯಾಹ್ನ ಎಣ್ಣೆ ಬಿದ್ದ ಎಲೆಯೂ ಸುಡುತ್ತದೆ. ಬಿಳಿ ನೊಣ, ಅದರ ಮರಿಗಳು ಎಲೆಯ ಕೆಳಗೆ ಕೂರುತ್ತವೆ. ನಾಜಲ್ ಕೆಳಗಿನಿಂದ ಮೇಲಕ್ಕೆ ತಿರುಗಿರಲಿ.

ಎಲೆಯ ಮೇಲೂ ಅದೇ ಅಣುಗಳ ಕೆಲಸ ಮುಂದುವರಿಯುತ್ತದೆ. ಕೋಸಿನ ಎಲೆಯ ಮೇಲೆ ಬರೀ ನೀರು ಮುತ್ತಾಗಿ ಉರುಳಿಹೋಗುತ್ತದೆ. ಸಾಬೂನು ಬೆರೆತ ನೀರಿನ ಜಗ್ಗುವ ಬಲ 72ರಿಂದ 30ರ ಆಸುಪಾಸಿಗೆ ಇಳಿದಿರುವುದರಿಂದ ಮೇಣದ ಎಲೆಯ ಮೇಲೂ ಹರಡಿ ಕೂರುತ್ತದೆ. ಎಲೆ ಒದ್ದೆಯಾದ ಕೂಡಲೇ ಮುಂದಿನ ಗಿಡಕ್ಕೆ ಹೋಗಿ. ತೊಟ್ಟಿಕ್ಕುವವರೆಗೆ ಹೊಡೆದರೆ ಔಷಧಿಯೆಲ್ಲ ಎಲೆಯ ತುದಿಗೆ ಹರಿದು ಅಲ್ಲಿ ಸುಡುತ್ತದೆ. ಬ್ಯಾಟರಿ ಪಂಪಿನಲ್ಲಿ ಒಳಗೆ ಕಲಕುವ ವ್ಯವಸ್ಥೆ ಇರುವುದು ಕಡಿಮೆ, ಸಾಲು ತಿರುಗುವಾಗಲೆಲ್ಲ ಒಮ್ಮೆ ಮೈ ಅಲ್ಲಾಡಿಸಿ. ಕಲಸಿದ್ದನ್ನು ಅಂದಿನ ಸಂಜೆಯೇ ಮುಗಿಸಿ, ನಾಳೆಗೆ ಇಡಬೇಡಿ.

ಟ್ಯಾಂಕಿಗೆ ಜೊತೆಯಲ್ಲಿ ಹಾಕಬಾರದ್ದನ್ನೂ ಹೇಳಿಬಿಡುತ್ತೇನೆ. ಕಾಯಿಯ ತುದಿ ಕೊಳೆಯುತ್ತದೆಂದು ಟೊಮೆಟೊಗೆ ಕ್ಯಾಲ್ಸಿಯಂ ನೈಟ್ರೇಟ್ ಹೊಡೆಯುತ್ತೇವೆ. ಅದನ್ನು ಸಾಬೂನು ಹಾಕಿದ ಟ್ಯಾಂಕಿಗೆ ಸುರಿದರೆ ಮಳೆ ನೀರನ್ನು ನಾವೇ ಕೈಯಾರೆ ಬೋರ್ ನೀರು ಮಾಡಿದಂತೆ. ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಸುಣ್ಣವೂ ತಾಮ್ರವೂ ಇವೆ, ಅದೂ ಬೇಡ. ಗಂಧಕ ಹೊಡೆದ ಮೇಲೆ ಎರಡು ವಾರ ಎಣ್ಣೆ ಹೊಡೆಯಬೇಡಿ, ಎರಡೂ ಸೇರಿ ಎಲೆ ಸುಡುತ್ತವೆ.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಹಿಪ್ಪುನೇರಳೆಯದು. ನಮ್ಮಲ್ಲೂ ಶಿಡ್ಲಘಟ್ಟದ ಕಡೆಯೂ ಟೊಮೆಟೊ ತೋಟದ ಬದುವಿಗೆ ಬದು ಹಿಪ್ಪುನೇರಳೆ ಇರುತ್ತದೆ. ಬೇವು ಹುಳು ಮೇವು ಬಿಡುವಂತೆ ಮಾಡುವ ಔಷಧಿ, ರೇಷ್ಮೆ ಹುಳುವೂ ಹುಳುವೇ. ಗಾಳಿ ಆ ಕಡೆ ಬೀಸುತ್ತಿದ್ದರೆ ಅಂದು ಹೊಡೆಯಲೇಬೇಡಿ. ಪಕ್ಕದವರು ಹುಳು ಮೇಯಿಸುತ್ತಿದ್ದಾರಾ, ಎಷ್ಟನೇ ಜ್ವರದಲ್ಲಿದೆ (ಹುಳು ಪೊರೆ ಬಿಡುವ ಹಂತಕ್ಕೆ ಜ್ವರ ಎನ್ನುತ್ತಾರೆ) ಎಂದು ಹಿಂದಿನ ದಿನವೇ ಕೇಳಿ. "ಅಣ್ಣಾ, ನಾಳೆ ಸಂಜೆ ಬೇವು ಹೊಡೀತೀನಿ, ಈ ಕಡೆ ಸಾಲಿನ ಸೊಪ್ಪು ಇವತ್ತೇ ಕೊಯ್ಕೊಳ್ಳಿ" ಎಂದು ಒಂದು ಮಾತು ಹೇಳಿದರೆ ಅವರ ಮನೆಯ ಒಂದು ಬೆಳೆ ಉಳಿಯುತ್ತದೆ.

ಮುಗಿದ ಮೇಲೆ ಟ್ಯಾಂಕು ತೊಳೆಯಲು ಕುಂಟೆಗೋ ಕೆರೆಗೋ ಹೋಗಬೇಡಿ. ಸಪೋನಿನ್ ಮೀನಿನ ಕಿವಿರಿಗೆ ವಿಷ, ಸಾಬೂನೂ ಒಳ್ಳೆಯದಲ್ಲ. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಮೇಲೆ ಎದ್ದ ನೊರೆಯ ಚಿತ್ರ ನೋಡಿದ್ದೀರಿ, ಅಲ್ಲಿಗೂ ಮನೆಮನೆಯಿಂದ ಹೋಗಿ ಸೇರಿದ್ದು ಇಂಥ ಅಣುಗಳೇ. ತೋಟದಲ್ಲೇ ಎರಡು ಲೀಟರ್ ಬೆಚ್ಚನೆಯ ಮಳೆ ನೀರಿಗೆ ಉಳಿದ ಅಂಟುವಾಳದ ರಸ ಹಾಕಿ ಟ್ಯಾಂಕು ಕುಲುಕಿ, ನಾಜಲ್ ಮೂಲಕವೇ ಖಾಲಿ ಜಾಗಕ್ಕೆ ಹೊಡೆದುಬಿಡಿ. ಒಮ್ಮೆ ಬರೀ ನೀರು ಹಾಯಿಸಿ. ನಾಜಲ್ ಬಿಚ್ಚಿ, ಜರಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಟ್ಯಾಂಕನ್ನು ಮುಚ್ಚಳ ತೆಗೆದು ನೆರಳಿನಲ್ಲಿ ಬೋರಲು ಹಾಕಿ.